ಹರಿಹರದ ಸರ್ವರ್ ಬೆಳಿಗ್ಗೆ ಏಳುತ್ತಿರಲಿಲ್ಲ

ಇದು ಆಗದ ಕೆಲಸ ಎಂದು ಮೊದಲು ಹೇಳಿದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಹಿರಿಯ ಇಂಜಿನಿಯರು. ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿಯ ನಮ್ಮ ಪುಟ್ಟ ಆಫೀಸಿನಲ್ಲಿ ಫೋನಿನ ಸ್ಪೀಕರ್ ಆನ್ ಇತ್ತು, ಎಲ್ಲರೂ ಕೇಳಿಸಿಕೊಂಡೆವು.

"ನೋಡಿ ಸರ್, ಕಸ್ಟಮ್ ಕಾಂಪೊನೆಂಟ್ ಹಾಕೋದು ಅಂದ್ರೆ ಪ್ರಿಂಟರ್ ಹಾಕಿದ ಹಾಗಲ್ಲ. ನಿಮ್ಮ ಹುಡುಗಿ ಬ್ಯಾಚ್ ಫೈಲ್ ಬರೆದು ಎರಡು ಸರ್ವರ್‌ಗೆ ಹಾಕ್ತಾಳೆ ಅಂದ್ರೆ, ಅದು ಯಾವತ್ತಿಗೂ ಆಗಲ್ಲ. ನಮ್ಮ ಇಂಜಿನಿಯರ್ ಬರಲೇಬೇಕು."

ಎರಡನೆಯದಾಗಿ ಹೇಳಿದವರು ನಮ್ಮ ಮಾಲೀಕರು. ಅವರು ಫೋನ್ ಇಟ್ಟ ಮೇಲೆ ಮೆಲ್ಲಗೆ ಹೇಳಿದರು. ಮೂರನೆಯವನು ನಮ್ಮಣ್ಣ. ಅವನು ಎಲ್ಲದಕ್ಕೂ ಮೊದಲು ಆಗಲ್ಲ ಅಂತಲೇ ಅನ್ನುವವನು, ಹಾಗಾಗಿ ಅವನ ಮಾತು ಲೆಕ್ಕಕ್ಕಿಲ್ಲ.

ಅವರು ಹೇಳಿದ ಆ ಹುಡುಗಿ ನಾನು. ಕೆಲಸ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ.

ದಾವಣಗೆರೆಯ ಒಂದು ರಕ್ತಪರೀಕ್ಷೆಯ ಲ್ಯಾಬು, ಅದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ನಾವು. ಅದಕ್ಕೆ ಹರಿಹರದಲ್ಲೊಂದು ಬ್ರಾಂಚು. ಎರಡೂ ಕಡೆ ರಕ್ತಕಣ ಎಣಿಸುವುದು, ಸಕ್ಕರೆ ನೋಡುವುದು, ಕಿಡ್ನಿಯದು ನೋಡುವುದು ಹೀಗೆ ಬೇರೆ ಬೇರೆ ಮಷೀನುಗಳು. ಒಂದೊಂದು ಒಂದೊಂದು ಕಂಪನಿಯದು, ಒಂದು ಕೊಡುವ ಫಲಿತಾಂಶದ ರೂಪ ಇನ್ನೊಂದಕ್ಕೆ ಹೊಂದುವುದಿಲ್ಲ. ಅಲ್ಲಿಯವರೆಗೆ ಲ್ಯಾಬಿನವರು ಮಷೀನಿನ ಪರದೆ ನೋಡಿ, ಪಕ್ಕದ ಕಂಪ್ಯೂಟರಿನಲ್ಲಿ ಕೈಯಲ್ಲೇ ಟೈಪು ಮಾಡಿ ವರದಿ ಕೊಡುತ್ತಿದ್ದರು. ಒಂದು ಚುಕ್ಕೆ ಅತ್ತಿತ್ತ ಆದರೆ ಚೆನ್ನಾಗಿದ್ದ ಮನುಷ್ಯ ಕಾಗದದ ಮೇಲೆ ಐಸಿಯುನಲ್ಲಿರುತ್ತಿದ್ದ. ಆ ಕಾಟ ತಪ್ಪಲಿ ಎಂದು ಲ್ಯಾಬಿನ ಡಾಕ್ಟರು ಬೆಂಗಳೂರಿನ ಕಂಪನಿಯಿಂದ ಡೇಟಾ ಇಂಟಿಗ್ರೇಶನ್ ಸರ್ವರ್ ತಂದರು. ಎಲ್ಲ ಮಷೀನುಗಳ ಫಲಿತಾಂಶ ಎತ್ತಿಕೊಂಡು, ಒಂದೇ ರೂಪಕ್ಕೆ ತಂದು, ಡೇಟಾಬೇಸಿಗೆ ಸೇರಿಸುವುದು ಅದರ ಕೆಲಸ. ಆದರೆ ನಮ್ಮ ಲ್ಯಾಬಿನ ಮಷೀನುಗಳು ಹಳೆಯವು, ಅವುಗಳ ಮಾತು ಆ ಸರ್ವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಕಂಪನಿಯವರು ಮಷೀನಿಗೊಂದರಂತೆ ಸಣ್ಣ ಸಣ್ಣ ಫೈಲುಗಳನ್ನು ಬರೆದುಕೊಟ್ಟಿದ್ದರು. ಅವೇ ಕಸ್ಟಮ್ ಕಾಂಪೊನೆಂಟುಗಳು. ಅವನ್ನು ಎರಡೂ ಸರ್ವರಿನ ಸರಿಯಾದ ಜಾಗದಲ್ಲಿ ಕೂರಿಸಬೇಕು. ಕಂಪನಿ ಆಗಾಗ ಹೊಸ ಆವೃತ್ತಿ ಕಳಿಸುತ್ತದೆ, ಆಗೆಲ್ಲ ಮತ್ತೆ ಕೂರಿಸಬೇಕು. ಪ್ರತಿ ಸಲ ಬೆಂಗಳೂರಿನಿಂದ ಒಬ್ಬರು ಬಂದು ಕೈಯಲ್ಲೇ ಮಾಡುವುದು ಅವರ ಪದ್ಧತಿ. ಮಾಡಬೇಕಾದ ಹೆಜ್ಜೆಗಳನ್ನೆಲ್ಲ ಸಾಲಾಗಿ ಹೇಳುವ ಒಂದು ಬ್ಯಾಚ್ ಫೈಲ್, ಅಂದರೆ ಸ್ಕ್ರಿಪ್ಟ್, ಬರೆದಿಟ್ಟರೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕಲ್ಲ ಎಂದು ಮೀಟಿಂಗಿನಲ್ಲಿ ಬಾಯಿಬಿಟ್ಟವಳು ನಾನು.

ಡಾಕ್ಟರು ನನ್ನನ್ನೇ ನೋಡಿದರು. "ಒಂದು ತಿಂಗಳು ಕೊಡ್ತೀನಮ್ಮ. ಎರಡೂ ಕಡೆ ನಿಲ್ಲದಂಗೆ ನಡೀಬೇಕು. ನಡೆದ್ರೆ ಕೆಲಸ ಪೂರ್ತಿ ಆಗೈತೆ ಅಂತ ಪ್ರಮಾಣಪತ್ರ ಕೊಡ್ತೀನಿ, ಹಾಕಿದವರ ಹೆಸರು ಬರೆದೇ ಕೊಡ್ತೀನಿ. ಇಲ್ಲಾಂದ್ರೆ ಬೆಂಗಳೂರಿನವರೇ ಬರ್ಲಿ, ಮುಂದಿಂದೂ ಅವರೇ ನೋಡ್ಕಳ್ಳಿ."

ನನಗೆ ಬೇಕಾಗಿದ್ದು ಆ ಕಾಗದ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿಸಿಎ ಮುಗಿಸುವಷ್ಟರಲ್ಲಿ ನಾನು ಪಟ್ಟ ಪಾಡು ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಡಿಗ್ರಿ ಕೈಗೆ ಬಂದ ಮೇಲೂ ಆಫೀಸಿನಲ್ಲಿ ನಾನು "ಆಪರೇಟರ್". ಪ್ರಿಂಟರಿನ ಟೋನರ್ ಬದಲಿಸುವುದು, ಸಿಕ್ಕಿಬಿದ್ದ ಕಾಗದ ಎಳೆಯುವುದು. ಪದವಿ ಸಿಕ್ಕಿತ್ತು, ಪದವಿಯ ಕೆಲಸ ಸಿಕ್ಕಿರಲಿಲ್ಲ. "ಆ ಪ್ರಮಾಣಪತ್ರದಾಗ ನಿನ್ನ ಹೆಸರು ತಗೊಂಡ್ ಬಾರವ್ವ, ಅವತ್ತಿಂದ ನೀ ಇಂಜಿನಿಯರ್" ಎಂದಿದ್ದರು ಮಾಲೀಕರು. ನಗುತ್ತಲೇ ಹೇಳಿದ್ದರು. ನಾನು ನಗಲಿಲ್ಲ.

ಮೊದಲು ದಾವಣಗೆರೆಯ ಸರ್ವರ್. ಸ್ಕ್ರಿಪ್ಟ್ ಬರೆಯುವ ಮುಂಚೆ ಎಲ್ಲವನ್ನೂ ಕೈಯಲ್ಲೇ ಮಾಡಿ ಕಲಿತೆ. ಸರ್ವರಿನೊಳಗೆ ಓಡುತ್ತಲೇ ಇರುವ ಇಂಟಿಗ್ರೇಶನ್ ಸರ್ವಿಸನ್ನು ನಿಲ್ಲಿಸು. ಹಳೆಯ ಕಾಂಪೊನೆಂಟುಗಳನ್ನು ಬೇರೆ ಕಡೆ ಎತ್ತಿಡು. ಹೊಸದನ್ನು ಎರಡು ಫೋಲ್ಡರುಗಳಿಗೂ ಹಾಕು. ಯಾಕೆ ಎರಡು ಎಂದರೆ, ನಾವು ಕೆಲಸ ಜೋಡಿಸುವ ಪರದೆ ಒಂದು ಫೋಲ್ಡರಿನಲ್ಲಿ ಹುಡುಕುತ್ತದೆ, ಹಿಂದೆ ಓಡುವ ಸರ್ವಿಸ್ ಇನ್ನೊಂದರಲ್ಲಿ. ಒಂದರಲ್ಲಿ ಮಾತ್ರ ಹಾಕಿದರೆ ಪರದೆಯಲ್ಲಿ ಎಲ್ಲ ಚೆಂದ ಕಾಣುತ್ತದೆ, ಓಡಿಸಿದರೆ ಬೀಳುತ್ತದೆ. ಆಮೇಲೆ ಅವನ್ನು ವಿಂಡೋಸಿಗೆ ನೋಂದಾಯಿಸು, ಸರ್ವಿಸನ್ನು ಮತ್ತೆ ಎಬ್ಬಿಸು. ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸಲ ಮಾಡಿದೆ.

ಆಮೇಲೆ ಬರೆದ ಮೊದಲ ಬ್ಯಾಚ್ ಫೈಲ್ ಓಡಿಸಿದಾಗ ಕಪ್ಪು ಕಿಟಕಿ ತೆರೆಯಿತು, ಅಕ್ಷರಗಳು ಸರಸರ ಓಡಿದವು, ಕೊನೆಗೆ ಇಂಗ್ಲಿಷಿನಲ್ಲಿ "ಯಶಸ್ವಿ" ಎಂದು ಬಂತು. ಕುರ್ಚಿಯಿಂದ ಎದ್ದು ಮಾಲೀಕರಿಗೆ ಫೋನ್ ಮಾಡಿಯೂ ಬಿಟ್ಟೆ. ಫೋಲ್ಡರ್ ತೆರೆದು ನೋಡಿದರೆ ಒಂದು ಫೈಲೂ ಬಂದಿಲ್ಲ. ಆ "ಯಶಸ್ವಿ" ಎಂಬ ಸಾಲನ್ನು ಕೊನೆಯಲ್ಲಿ ಬರೆದವಳು ನಾನೇ. ಮೇಲೆ ಏನೇ ಆಗಲಿ, ಆ ಸಾಲು ಬರುವುದೇ. ಉಣ್ಣುವ ಮೊದಲೇ ತೇಗಿದ ಹಾಗಾಗಿತ್ತು.

ಫೈಲು ಯಾಕೆ ಬರಲಿಲ್ಲ ಎಂದು ಹುಡುಕಿದರೆ, ಬ್ಯಾಚ್ ಫೈಲನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ವಿಂಡೋಸು ನನ್ನ ಫೋಲ್ಡರಿನಲ್ಲಿ ನಿಲ್ಲುವುದೇ ಇಲ್ಲ, ತನ್ನ ಸಿಸ್ಟಮ್ ಫೋಲ್ಡರಿಗೆ ಹೋಗಿ ಅಲ್ಲಿ ನನ್ನ ಫೈಲು ಹುಡುಕುತ್ತದೆ. ಅಲ್ಲಿ ಎಲ್ಲಿರಬೇಕು ಅದು? "ನೀನು ಎಲ್ಲಿಂದ ಎದ್ದೆಯೋ ಮೊದಲು ಅಲ್ಲಿಗೇ ಹೋಗು" ಎನ್ನುವ ಒಂದು ಸಾಲನ್ನು ಸ್ಕ್ರಿಪ್ಟಿನ ಮೊದಲಿಗೇ ಹಾಕಿದೆ. ಮುಂದೆ, ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಅರ್ಧ ಹೆಸರಿಗೇ ನಿಂತುಬಿಡುವ ಚಾಳಿ. ಅದಕ್ಕೆ ಉದ್ಧರಣ ಚಿಹ್ನೆ. ಕೊನೆಗೆ, ಪ್ರತಿ ಹೆಜ್ಜೆಯಾದ ಮೇಲೂ ನಿಜಕ್ಕೂ ಆಯಿತೇ ಎಂದು ಕೇಳುವುದು, ಆಗಿರದಿದ್ದರೆ ಅಲ್ಲೇ ನಿಲ್ಲುವುದು, ಎತ್ತಿಟ್ಟ ಹಳೆಯದನ್ನು ವಾಪಸು ತಂದು ಕೂರಿಸುವುದು. ಇಷ್ಟು ಮಾಡಿದ ಮೇಲೆ ಬೇಕೆಂದೇ ಒಂದು ಫೈಲನ್ನು ಬಚ್ಚಿಟ್ಟು ಓಡಿಸಿದೆ. ಸ್ಕ್ರಿಪ್ಟ್ ಎಡವಿತು, ಎಲ್ಲಿ ಎಡವಿದೆ ಎಂದು ಹೇಳಿತು, ಹಳೆಯದನ್ನು ಅದರ ಜಾಗದಲ್ಲಿಟ್ಟು ಸುಮ್ಮನೆ ನಿಂತಿತು. ಅದು ಗೆದ್ದದ್ದಕ್ಕಿಂತ ಸರಿಯಾಗಿ ಸೋತದ್ದು ನನಗೆ ಹೆಚ್ಚು ಖುಷಿ ಕೊಟ್ಟಿತು.

ದಾವಣಗೆರೆಯ ಸರ್ವರ್ ಸರಿಯಾಗಿ ನಡೆಯಿತು. ಹಿರಿಯ ಇಂಜಿನಿಯರು ಫೋನಿನಲ್ಲಿ "ಸರಿ, ಮೇನ್ ಲ್ಯಾಬ್ ಆಯ್ತು. ಬ್ರಾಂಚ್ ನೋಡೋಣ" ಎಂದರು.

ನಮ್ಮಣ್ಣ ಹರಿಹರದಲ್ಲಿ ಕಬ್ಬಿಣ ಕಡೆಯುವ ಒಂದು ಲೇತ್ ಶಾಪಿನಲ್ಲಿ ಕೆಲಸಗಾರ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಿಂದ ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ನಾನೂ ಹಿಂದೆ ಕೂತೆ, ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ.

"ಏನವ್ವಾ, ಇವತ್ತು ಎಷ್ಟು ಫೈಲ್ ಕಾಪಿ ಹೊಡೀತಿ?" ದಾರಿಯುದ್ದಕ್ಕೂ ಅವನದು ಇದೇ. "ನಾ ಒಂದು ಬುಶ್ ಕಡೆಯೋದ್ರಾಗ ಕಬ್ಬಿಣ ಸವೀತೈತೆ, ಟೂಲ್ ಸವೀತೈತೆ, ಕೈ ಸವೀತೈತೆ. ನೀ ಕಾಪಿ ಹೊಡದ್ರೆ ಏನ್ ಸವೀತೈತೆ ಹೇಳು?"

"ತಲಿ."

"ಅದು ಇದ್ರೆ ತಾನೇ ಸವ್ಯಾದು!"

ಹರಿಹರದ ಲ್ಯಾಬನ್ನು ನೋಡಿಕೊಳ್ಳುವವರು ಒಬ್ಬ ಹಿರಿಯ ಟೆಕ್ನಿಶಿಯನ್. ಊರಿನವರಿಗೆಲ್ಲ ಅವರು ಚಾಚಾ. ಆ ಊರಿನ ಅರ್ಧ ಜನರ ತೋಳಿಗೆ ಸೂಜಿ ಚುಚ್ಚಿದ್ದೇನೆ ಎಂಬ ಹೆಮ್ಮೆ ಅವರದು. ಗಡ್ಡ ನೀವಿಕೊಳ್ಳುತ್ತ "ಬಾ ಬೇಟಿ, ಕೂಡ್ರು. ಮೊದ್ಲು ಚಾ, ಆಮ್ಯಾಲೆ ಕಂಪ್ಯೂಟರ್" ಎಂದರು. ಚಹಾ ಆರುವ ಮೊದಲೇ ಸ್ಕ್ರಿಪ್ಟ್ ಮುಗಿದಿತ್ತು. ಮಷೀನು ಎಣಿಸಿದ ರಕ್ತಕಣದ ಸಂಖ್ಯೆ ಯಾರೂ ಮುಟ್ಟದೆ ತಾನೇ ವರದಿಯೊಳಗೆ ಬಂದು ಕೂತಿತು. ಚಾಚಾ ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಅರೆ ವಾಹ್. ಇನ್ನ ಟೈಪಿಂಗ್ ಛುಟ್ಟಿ!"

ಸಂಜೆ ಅಣ್ಣನ ಬೆನ್ನಿಗೆ "ಆಯ್ತು ಕಣೋ" ಎಂದು ಗುದ್ದಿದೆ. ಅವನು ಆ ಖುಷಿಗೆ ಮಿರ್ಚಿ ಮಂಡಕ್ಕಿ ಕೊಡಿಸಿದ.

ಮರುದಿನ ಬೆಳಿಗ್ಗೆ ಚಾಚಾನ ಫೋನು. "ಬೇಟಿ, ನಿನ್ನ ಸರ್ವರ್ ಮಕಾಡೆ ಮಲಗೈತೆ. ಎಬ್ಬಿಸಿದ್ರೂ ಏಳವಲ್ದು."

ಹೋದೆ. ಸರ್ವಿಸ್ ನಿಂತಿತ್ತು. ಡೇಟಾಬೇಸ್ ಸಿಗಲಿಲ್ಲ, ಕಾಂಪೊನೆಂಟ್ ಶುರುವಾಗಲಿಲ್ಲ ಎಂದು ದೂರು ಬರೆದಿಟ್ಟಿತ್ತು. ಡೇಟಾಬೇಸ್ ನೋಡಿದರೆ ಕಲ್ಲಿನಂತೆ ಗಟ್ಟಿಯಾಗಿ ನಡೆಯುತ್ತಿತ್ತು. ಸ್ಕ್ರಿಪ್ಟ್ ಮತ್ತೊಮ್ಮೆ ಓಡಿಸಿದೆ, ಎದ್ದಿತು. ಸಂಜೆಯವರೆಗೂ ಮಿಸುಕಾಡದೆ ನಡೆಯಿತು. ಅದರ ಮರುದಿನ ಬೆಳಿಗ್ಗೆ ಮತ್ತೆ ಫೋನು.

ಆ ವಾರವೆಲ್ಲ ಹೀಗೇ. ನಾನು ಬಂದರೆ ಏಳುತ್ತದೆ, ಹೋದರೆ ಮಲಗುತ್ತದೆ. ನನಗೆ ಕಾಂಪೊನೆಂಟುಗಳ ಮೇಲೇ ಅನುಮಾನ. ಎಲ್ಲ ಕಿತ್ತು, ಒಂದೊಂದೇ ಮಷೀನಿನದು ಹಾಕಿ ನೋಡಿದೆ. ಎರಡು ಫೋಲ್ಡರ್ ಅದಲುಬದಲಾಗಿವೆಯೇ ನೋಡಿದೆ. ದಾವಣಗೆರೆಯ ಫೈಲು, ಹರಿಹರದ ಫೈಲು ಪಕ್ಕಪಕ್ಕ ಇಟ್ಟು ಹೋಲಿಸಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಅಲ್ಲಿ ಓಡುತ್ತದೆ, ಇಲ್ಲಿ ಬೀಳುತ್ತದೆ.

"ಅದಕ್ಕ ನಿನ್ನ ಕೈ ರುಚಿ ಹತ್ತೈತೆ ಬೇಟಿ. ಮುದ್ದು ಮಾಡಿ ಕೆಡಿಸಿಬಿಟ್ಟಿ ನೀನು" ಎಂದು ಚಾಚಾ ನಗುತ್ತಿದ್ದರು. ಆದರೆ ಲ್ಯಾಬಿನಲ್ಲಿ ಉಳಿದವರು ನಗುತ್ತಿರಲಿಲ್ಲ. ನಾನು ಹೋಗಿ ಎಬ್ಬಿಸುವವರೆಗೆ ಅವರು ಕೈಯಲ್ಲಿ ಟೈಪು ಮಾಡಬೇಕು, ಎದ್ದ ಮೇಲೆ ಅದನ್ನೆಲ್ಲ ತಾಳೆ ನೋಡಬೇಕು. ಮೊದಲಿದ್ದ ಕೆಲಸಕ್ಕೆ ನಾನು ಇನ್ನೊಂದು ಕೆಲಸ ಸೇರಿಸಿದ್ದೆ.

ಹಿರಿಯ ಇಂಜಿನಿಯರು "ನಾನು ಹೇಳಿರಲಿಲ್ವಾ?" ಎಂದಷ್ಟೇ ಅಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಮಾಲೀಕರು ನನ್ನ ಮೇಜಿನ ಹತ್ತಿರ ಬಂದು ಪೆನ್ನು ತಿರುಗಿಸುತ್ತ ನಿಂತರು. "ದಾವಣಗೆರೆದು ನೀ ಮಾಡೀಯಲ್ಲ, ಅದೇ ದೊಡ್ಡದವ್ವ. ಹರಿಹರದ್ದು ಅವರಿಗೇ ಬಿಟ್ಟುಬಿಡಾಣ?"

"ಇನ್ನೂ ತಿಂಗಳಾಗಿಲ್ರಿ ಸರ್."

"ಆಗಿಲ್ಲ. ಆದ್ರೆ ಉಳದಿರೋದೂ ಬಾಳ ಇಲ್ಲ."

ಮರುದಿನ ಸಂಜೆ ನಾನು ಹರಿಹರದ ಲ್ಯಾಬಿನಲ್ಲಿದ್ದೆ, ಅಣ್ಣನ ಶಾಪಿನಲ್ಲಿ ಅರ್ಜೆಂಟು ಕೆಲಸವಿತ್ತು. "ಸ್ವಲ್ಪ ಅಲ್ಲೇ ಕೂತಿರು, ಬರ್ತೀನಿ" ಎಂದು ಫೋನ್ ಮಾಡಿದ. ಹಾಗಾಗಿ ಲ್ಯಾಬು ಮುಚ್ಚುವುದನ್ನು ನಾನು ಮೊದಲ ಸಲ ನೋಡಿದೆ. ಅಲ್ಲಿಯವರೆಗೆ ದಿನಾ ಅದಕ್ಕೂ ಮುಂಚೆಯೇ ಹೊರಟುಬಿಡುತ್ತಿದ್ದೆ.

ಚಾಚಾ ಮಷೀನುಗಳನ್ನು ತೊಳೆದು ಆರಿಸಿದರು, ಒಂದೊಂದಕ್ಕೂ ಬಟ್ಟೆ ಹೊದಿಸಿದರು. ಕಿಟಕಿಗಳ ಚಿಲಕ ಎಳೆದು ನೋಡಿದರು. ಸರ್ವರ್ ಇದ್ದ ಮೂಲೆಗೆ ಹೋಗಿ ಬಗ್ಗಿ ಯುಪಿಎಸ್‌ನ ಗುಂಡಿ ಒತ್ತಿದರು. ಸರ್ವರಿನ ಫ್ಯಾನು ಉಸ್ಸೆಂದು ನಿಂತಿತು. ಆಮೇಲೆ ಬಾಗಿಲ ಪಕ್ಕದ ಬೋರ್ಡಿಗೆ ಬಂದು, ಕೈ ಎತ್ತಿ ಮೇನ್ ಸ್ವಿಚ್ಚು ಇಳಿಸಿದರು. ಇಡೀ ಲ್ಯಾಬು ಕತ್ತಲಾಯಿತು, ಮೂಲೆಯ ಔಷಧಿ ಫ್ರಿಜ್ಜಿನ ಹಸಿರು ದೀಪ ಒಂದೇ ಉಳಿಯಿತು.

"ಚಾಚಾ, ಏನ್ ಮಾಡಿದ್ರಿ?"

"ಏನ್ ಮಾಡ್ದೆ? ಮನೀಗೆ ಹೊಂಟೆ."

"ಸರ್ವರ್ ಆರಿಸಿದ್ರಲ್ರಿ!"

"ಅಲ್ಲಾ, ಮೇನ್ ಇಳಿಸಿದ್ರೆ ಆ ಡಬ್ಬಿ ಕುಯ್ಯೋ ಅಂತ ಕೂಗ್ತೈತೆ. ಪಕ್ಕದ ಮನಿಯವರು ಬೈತಾರೆ. ಅದಕ್ಕ ಮೊದ್ಲು ಅದರ ಬಾಯಿ ಮುಚ್ಚಿಸ್ತೀನಿ."

"ದಿನಾ ಇಳಿಸ್ತೀರಾ?"

ಚಾಚಾ ನನ್ನನ್ನು ಪೆದ್ದಿಯ ಹಾಗೆ ನೋಡಿದರು. "ಅಂಗಡಿ ಮುಚ್ಚೋ ಮುಂದ ಮೇನ್ ಇಳಿಸದೆ ಯಾರು ಹೋಗ್ತಾರೆ ಬೇಟಿ? ಆ ಎದುರಿಗೆ ಪ್ಲೈವುಡ್ ಅಂಗಡಿ ಇತ್ತು, ಗೊತ್ತೈತಾ? ಮೇನ್ ಬಿಟ್ಟು ಹೋಗಿದ್ದ. ಶಾರ್ಟ್ ಸರ್ಕೀಟ್. ಬೆಳಿಗ್ಗೆ ಬಂದ್ರೆ ಬೂದಿ. ಅವತ್ತಿಂದ ಈ ಬೀದ್ಯಾಗ ಮೇನ್ ಬಿಟ್ಟು ಯಾರೂ ಬೀಗ ಹಾಕಲ್ಲ. ನಾ ಅಂತೂ ನನ್ನ ಕೈಯಿಂದ್ಲೇ ಇಳಿಸಬೇಕು, ಇಲ್ಲಾಂದ್ರೆ ನಿದ್ದಿ ಬರಲ್ಲ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸರ್ವರ್ ಎಂದರೆ ಹಗಲೂ ರಾತ್ರಿ ಉರಿಯುವುದು ಎಂದು ಕಾಲೇಜಿನಲ್ಲಿ ಕಲಿತಿದ್ದೆ. ದಾವಣಗೆರೆಯದು ಹಾಗೇ ಇತ್ತು. ಇದನ್ನು ಯಾರಾದರೂ ಆರಿಸುತ್ತಾರೆಯೇ ಎಂದು ಕೇಳಬೇಕೆಂದೇ ನನಗೆ ಹೊಳೆದಿರಲಿಲ್ಲ. ಅವರಿಗೂ ಹೇಳಬೇಕೆಂದು ಹೊಳೆದಿರಲಿಲ್ಲ. ಬಾಗಿಲಿಗೆ ಬೀಗ ಹಾಕುತ್ತೇನೆ ಎಂದು ಯಾರಾದರೂ ಇಂಜಿನಿಯರಿಗೆ ಹೇಳುತ್ತಾರೆಯೇ?

ಮರುದಿನ ಲ್ಯಾಬು ತೆರೆಯುವ ಮೊದಲೇ ಹೋಗಿ, ಸರ್ವರಿನ ಮುಂದೆ ನೆಲದ ಮೇಲೆ ಕೂತೆ. ಚಾಚಾ ಮೇನ್ ಏರಿಸಿದರು. ವಿಂಡೋಸು ಎದ್ದಿತು. ಇಂಟಿಗ್ರೇಶನ್ ಸರ್ವಿಸ್ ಎದ್ದದ್ದೇ ಡೇಟಾಬೇಸನ್ನು ಕರೆಯಿತು. ಹಿಂದಿನ ಸಂಜೆ ದಿಢೀರನೆ ಕರೆಂಟು ಕಳೆದುಕೊಂಡಿದ್ದ ಡೇಟಾಬೇಸು ಇನ್ನೂ ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತಿತ್ತು, ಓಗೊಡಲಿಲ್ಲ. ಸರ್ವಿಸ್ ಸ್ವಲ್ಪ ಕಾದು, ಮುನಿಸಿಕೊಂಡು ಮಲಗಿತು. ಅದಾಗಿ ಸ್ವಲ್ಪ ಹೊತ್ತಿಗೆ ಡೇಟಾಬೇಸು ಪೂರ್ತಿ ಎದ್ದಿತು, ಆದರೆ ಕರೆಯುವವರು ಇರಲಿಲ್ಲ. ನನ್ನ ಕಾಂಪೊನೆಂಟುಗಳಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಸ್ಕ್ರಿಪ್ಟ್ ಓಡಿಸಿದಾಗೆಲ್ಲ ಅದು ಸರ್ವಿಸನ್ನು ಮತ್ತೆ ಎಬ್ಬಿಸುತ್ತಿತ್ತು, ಅಷ್ಟಕ್ಕೇ ಸರಿಹೋಗುತ್ತಿತ್ತು.

ಮಾಲೀಕರಿಗೆ ಹೇಳಿದಾಗ ಅವರಿಗೆ ಖುಷಿಯೋ ಖುಷಿ. "ಇಷ್ಟೇನಾ! ಡಾಕ್ಟ್ರಿಗೆ ಹೇಳಿ ಮೇನ್ ಇಳಿಸಬ್ಯಾಡ ಅಂತ ಒಂದು ಆರ್ಡರ್ ಹೊರಡಿಸಿದ್ರೆ ಮುಗೀತು."

ಬೆಂಗಳೂರಿನವರೂ ಅದನ್ನೇ ಹೇಳಿದರು. ದಿನಾ ಆರಿಸುವ ಸರ್ವರಿನಲ್ಲಿ ಸಾಫ್ಟ್‌ವೇರ್ ನಿಂತರೆ ಕಂಪನಿ ಜವಾಬ್ದಾರಿಯಲ್ಲ ಎಂದು ಅವರ ಕರಾರಿನಲ್ಲೇ ಇದೆಯಂತೆ. ಸರ್ವರನ್ನು ಫ್ರಿಜ್ಜಿನ ಬೇರೆ ಲೈನಿಗೆ ಹಾಕೋಣವೇ ಎಂದು ಚಾಚಾನನ್ನು ಕೇಳಿದೆ. ಅವರು ಕೈ ಅಡ್ಡ ಹಿಡಿದರು. "ಆ ಲೈನಿಗೆ ಒಂದು ಬಲ್ಬೂ ಹಚ್ಚಕೆ ಬಿಡಲ್ಲ. ಒಂದು ಸಲ ಟ್ರಿಪ್ ಆಗಿ ಔಷಧಿ ಎಲ್ಲಾ ಬರ್ಬಾದ್ ಆಗೈತೆ."

ಡಾಕ್ಟರಿಗೆ ಹೇಳಬಹುದಿತ್ತು. ಅವರು ಆರ್ಡರು ಕೊಡುತ್ತಿದ್ದರು, ಚಾಚಾ ತಲೆಯಾಡಿಸುತ್ತಿದ್ದರು. ಆಮೇಲೊಂದು ದಿನ ಮಳೆಗಾಲದಲ್ಲಿ ಸಿಡಿಲು ಬಡಿದ ಸಂಜೆ ಅವರ ಕೈ ತಾನೇ ಮೇನಿಗೆ ಹೋಗುತ್ತಿತ್ತು, ಮತ್ತು ಅವರು ಮಾಡಿದ್ದೇ ಸರಿ ಇರುತ್ತಿತ್ತು. ಅವರು ಇಳಿಸದಿದ್ದರೂ ಹರಿಹರದ ಕರೆಂಟು ಯಾರ ಆರ್ಡರನ್ನೂ ಕೇಳುವುದಿಲ್ಲ. ಊರೆಲ್ಲ ತನ್ನ ರೂಢಿ ಬಿಟ್ಟರೆ ಮಾತ್ರ ನಡೆಯುತ್ತದೆ ಎನ್ನುವ ಯಂತ್ರವನ್ನು "ಹಾಕಿದ್ದೇನೆ" ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಮಾಲೀಕರಿಗೆ ಹೇಳಿದೆ: "ಬ್ಯಾಡ್ರಿ ಸರ್. ಮೇನ್ ಇಳೀಲಿ. ದಿನಾ ಆರಿ ದಿನಾ ಏಳೋ ಸರ್ವರಿಗೇ ಸ್ಕ್ರಿಪ್ಟ್ ಬರೀತೀನಿ."

"ಬೆಂಗಳೂರಿನವರು ಆಗಲ್ಲ ಅಂದಾರವ್ವ."

"ಅವರು ಮೊದಲ್ನೇ ದಿನದಿಂದ ಅದನ್ನೇ ಅಂತಾರಲ್ರಿ."

ಎರಡು ಹೊಸ ಬ್ಯಾಚ್ ಫೈಲ್ ಬರೆದೆ. ಒಂದು ಮುಚ್ಚುವಾಗಿನದು. ಪರದೆಯ ಮೇಲೆ ಅದರ ಹೆಸರು "ಮನೆಗೆ ಹೊರಟೆ". ಅದನ್ನು ಒತ್ತಿದರೆ ಕೈಯಲ್ಲಿರುವ ಫಲಿತಾಂಶ ಮುಗಿಯುವವರೆಗೆ ಕಾದು, ಸರ್ವಿಸ್ ನಿಲ್ಲಿಸಿ, ಡೇಟಾಬೇಸು ನಿಲ್ಲಿಸಿ, ಸರ್ವರನ್ನು ಸರಿಯಾಗಿ ಆರಿಸುತ್ತದೆ. ಆಮೇಲೆ ಯುಪಿಎಸ್, ಆಮೇಲೆ ಮೇನ್. ಇನ್ನೊಂದು ತೆರೆಯುವಾಗಿನದು. ಸರ್ವಿಸ್ ತನ್ನಷ್ಟಕ್ಕೆ ಏಳುವುದನ್ನು ತಪ್ಪಿಸಿ, ಎಬ್ಬಿಸುವ ಅಧಿಕಾರವನ್ನು ಈ ಸ್ಕ್ರಿಪ್ಟಿಗೆ ಕೊಟ್ಟೆ. ಚಾಚಾ ಲಾಗಿನ್ ಆದ ಕೂಡಲೇ ಇದು ತಾನೇ ಓಡುತ್ತದೆ. ಡೇಟಾಬೇಸನ್ನು ಕೇಳುತ್ತದೆ, ಉತ್ತರ ಬರದಿದ್ದರೆ ತಾಳುತ್ತದೆ, ಮತ್ತೆ ಕೇಳುತ್ತದೆ. ಬಂದ ಮೇಲೆ ಕಾಂಪೊನೆಂಟುಗಳು ಎರಡೂ ಫೋಲ್ಡರಿನಲ್ಲಿ ಇವೆಯೇ ನೋಡುತ್ತದೆ, ಕಡಿಮೆಯಿದ್ದರೆ ಎತ್ತಿಟ್ಟ ಪ್ರತಿಯಿಂದ ಹಾಕಿ ನೋಂದಾಯಿಸುತ್ತದೆ. ಆಮೇಲಷ್ಟೇ ಸರ್ವಿಸ್.

ಏನಾಗುತ್ತಿದೆ ಎಂದು ಚಾಚಾನಿಗೆ ತಿಳಿಯಲಿ ಎಂದು ಆ ಕಪ್ಪು ಕಿಟಕಿಯಲ್ಲಿ ಕನ್ನಡದಲ್ಲೇ ಬರೆದೆ. ಕಂಡದ್ದು ಸಾಲುಸಾಲು ಚೌಕ ಡಬ್ಬಿಗಳು, ಆ ಕಿಟಕಿಗೆ ಕನ್ನಡ ಬಾರದು. ಹಾಗಾಗಿ ಬಣ್ಣ ಬಳಸಿದೆ. ಕಾಯುತ್ತಿದ್ದರೆ ಕಿಟಕಿ ಹಳದಿ, ಎಲ್ಲ ಸರಿಯಾದರೆ ಹಸಿರು, ಕೆಟ್ಟರೆ ಕೆಂಪು.

"ಅಂದ್ರೆ ಹಸಿರು ಬಂದ್ರೆ ಚಾ ಕುಡೀಬೇಕು, ಕೆಂಪು ಬಂದ್ರೆ ನಿನಗ ಫೋನ್ ಹಚ್ಚಬೇಕು" ಎಂದರು ಚಾಚಾ. "ಹಳದಿ ಬಂದ್ರೆ?"

"ತಾಳ್ಬೇಕು."

"ಅದೊಂದು ಕಷ್ಟ ನೋಡು."

ಮರುದಿನ ಬೆಳಿಗ್ಗೆ ಹಳದಿಯಾಗಿ ಹಸಿರಾಯಿತು. ಅದರ ಮರುದಿನವೂ. ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಹಳೆಯ ಯುಪಿಎಸ್ ಹೆಚ್ಚು ಹೊತ್ತು ತಡೆಯಲಿಲ್ಲ, "ಮನೆಗೆ ಹೊರಟೆ" ಒತ್ತುವ ಮೊದಲೇ ಸರ್ವರ್ ಆರಿತು. ಕರೆಂಟು ಬಂದ ಮೇಲೆ ಕಿಟಕಿ ಹಸಿರಾಯಿತು. ಆದರೆ ಕೊಕ್ಕನೂರಿನಿಂದ ಬಂದಿದ್ದ ಒಬ್ಬ ಅಜ್ಜಿಯ ಸಕ್ಕರೆಯ ಫಲಿತಾಂಶ ಎರಡು ಸಲ ಬಂದಿತ್ತು. ಚಾಚಾ ಕಣ್ಣು ಕಿರಿದು ಮಾಡಿ ಅದನ್ನು ಹಿಡಿದರು. "ಈ ಅಜ್ಜಿ ಒಂದೇ ಸಲ ಬೈಕಂತ ರಕ್ತ ಕೊಟ್ಟಾಳೆ ಬೇಟಿ. ಎರಡನೇ ಸಲ ಯಾರು ತಗೊಂಡ್ರು?"

ಹಸಿರು ಎಂದರೆ ಸರ್ವಿಸ್ ಎದ್ದಿದೆ ಎಂದಷ್ಟೇ, ಕೆಲಸ ಸರಿಯಾಗಿದೆ ಎಂದಲ್ಲ. ಆ ಫಲಿತಾಂಶ ಡೇಟಾಬೇಸಿಗೆ ಹೋಗಿತ್ತು, "ಮುಗಿಯಿತು" ಎಂದು ಗುರುತು ಹಾಕುವ ಮೊದಲು ಕರೆಂಟು ಹೋಗಿತ್ತು, ಸರ್ವರ್ ಎದ್ದ ಮೇಲೆ ಅದೇ ಫಲಿತಾಂಶ ಮತ್ತೊಮ್ಮೆ ಡೇಟಾಬೇಸಿಗೆ ಸೇರಿತ್ತು. ಕಾಂಪೊನೆಂಟಿನ ಒಳಗೆ ಕೈ ಹಾಕುವ ಹಕ್ಕು ನನಗಿಲ್ಲ. ಹಾಗಾಗಿ ಫಲಿತಾಂಶಗಳು ಬಂದು ಬೀಳುವ ಫೋಲ್ಡರನ್ನು ಎರಡು ಮಾಡಿದೆ, ಬಂದದ್ದು ಒಂದು, ಮುಗಿದದ್ದು ಇನ್ನೊಂದು. ಬೆಳಗಿನ ಸ್ಕ್ರಿಪ್ಟ್ ಸರ್ವಿಸನ್ನು ಎಬ್ಬಿಸುವ ಮುಂಚೆ, ಬಂದದ್ದರಲ್ಲಿ ಉಳಿದಿರುವ ಪ್ರತಿಯೊಂದರ ಸ್ಯಾಂಪಲ್ ನಂಬರನ್ನು ಡೇಟಾಬೇಸಿನಲ್ಲಿ ಹುಡುಕುತ್ತದೆ. ಅಲ್ಲಿ ಈಗಾಗಲೇ ಇದ್ದರೆ ಅದನ್ನು ಮುಗಿದದ್ದಕ್ಕೆ ಸರಿಸುತ್ತದೆ. ಇದಕ್ಕೆ ನನ್ನ ಗಡುವಿನ ಉಳಿದ ದಿನಗಳೆಲ್ಲ ಹಿಡಿದವು. ಬೇಕೆಂದೇ ಸ್ವಿಚ್ಚು ಆರಿಸಿ ಆರಿಸಿ ಪರೀಕ್ಷೆ ಮಾಡುತ್ತಿದ್ದರೆ, ಚಾಚಾ "ಮೇನ್ ಇಳಿಸೋ ಹುಚ್ಚು ನನಗೈತೆ ಅಂದ್ಕಂಡಿದ್ದೆ, ನಿಂದು 'ಮನೆಗೆ ಹೊರಟೆ' ಅಲ್ಲ, 'ಮನೆಗೇ ಹೋಗಲ್ಲ'" ಎಂದರು.

ತಿಂಗಳ ಕೊನೆಗೆ ಡಾಕ್ಟರು ಹರಿಹರಕ್ಕೆ ಬಂದರು. ಮಾಲೀಕರೂ ಬಂದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಹಿರಿಯ ಇಂಜಿನಿಯರು ವಿಡಿಯೋ ಕಾಲಿನಲ್ಲಿದ್ದರು, ಫೋನನ್ನು ಟೆಸ್ಟ್‌ಟ್ಯೂಬಿನ ಸ್ಟ್ಯಾಂಡಿಗೆ ಒರಗಿಸಿಟ್ಟಿದ್ದೆವು. ಬೆಳಗಿನ ಸ್ಯಾಂಪಲ್‌ಗಳೆಲ್ಲ ಮಷೀನಿನಿಂದ ಹೊರಬಂದಿದ್ದವು, ಫಲಿತಾಂಶಗಳು ಒಂದೊಂದೇ ವರದಿಗೆ ಸೇರುತ್ತಿದ್ದವು. ಡಾಕ್ಟರು ನೋಡುತ್ತ ನಿಂತರು.

"ಈಗೇನೋ ಚೆಂದ ನಡದೈತೆ. ಕರೆಂಟ್ ಹೋದ್ರೆ?"

ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಚಾಚಾ ಮಷೀನುಗಳೊಳಗೆ ಏನೂ ಉಳಿದಿಲ್ಲವೆಂದು ಒಮ್ಮೆ ಇಣುಕಿ ನೋಡಿ, ಮೂಲೆಗೆ ಹೋಗಿ ಯುಪಿಎಸ್ ಒತ್ತಿ, ಸರಸರನೆ ಬಂದು ಮೇನ್ ಇಳಿಸಿಯೇಬಿಟ್ಟರು. "ಹೋತು ನೋಡ್ರಿ ಡಾಕ್ಟ್ರೇ!"

ಮಾಲೀಕರು "ಅಯ್ಯೋ" ಎಂದರು. ಫೋನಿನಿಂದ "ಏನಾಯ್ತು? ಏನಾಯ್ತು?" ಎಂದು ಕೇಳಿಸಿತು. ಚಾಚಾ ನೆಮ್ಮದಿಯಾಗಿ ಗಡ್ಡ ನೀವಿಕೊಂಡು, ಸ್ವಲ್ಪ ಕಾದು, ಮೇನ್ ಏರಿಸಿ ಸರ್ವರಿನ ಮುಂದೆ ಕೂತು ಲಾಗಿನ್ ಆದರು. ಕಿಟಕಿ ಹಳದಿಯಾಯಿತು. ಹಳದಿಯಾಗಿಯೇ ಇತ್ತು. "ತಾಳ್ಬೇಕ್ರಿ" ಎಂದು ಚಾಚಾ ಡಾಕ್ಟರಿಗೆ ಹೇಳಿದರು. ಇನ್ನೂ ಹಳದಿ. ಮಾಲೀಕರು ನನ್ನ ಮುಖ ನೋಡಿದರು, ನಾನು ಕಿಟಕಿಯನ್ನೇ ನೋಡುತ್ತಿದ್ದೆ.

ಹಸಿರಾಯಿತು.

ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಮಷೀನು ಮುದ್ರಿಸಿದ ಚೀಟಿಗಳನ್ನು ಕೈಯಲ್ಲಿ ಹಿಡಿದು, ಪರದೆಯ ವರದಿಗಳ ಜೊತೆ ಒಂದೊಂದಾಗಿ ಹೋಲಿಸಿದರು. ಒಂದೂ ಕಡಿಮೆಯಿರಲಿಲ್ಲ, ಯಾವುದೂ ಎರಡು ಸಲ ಇರಲಿಲ್ಲ. ಫೋನಿನಿಂದ ಹಿರಿಯ ಇಂಜಿನಿಯರು ಗಂಟಲು ಸರಿಮಾಡಿಕೊಂಡು, "ಆ ಸ್ಟಾರ್ಟ್‌ಅಪ್ ಸ್ಕ್ರಿಪ್ಟ್ ನಮಗೂ ಒಂದು ಕಳಿಸ್ತೀರಾ? ನಮ್ಮ ಬೇರೆ ಕ್ಲಯಂಟ್ ಹತ್ರಾನೂ ಈ ತೊಂದರೆ ಇದೆ" ಎಂದರು. ಕಳಿಸುತ್ತೇನೆ ಎಂದೆ.

ಡಾಕ್ಟರು ಚೀಲದಿಂದ ಪ್ರಮಾಣಪತ್ರ ತೆಗೆದರು. ಎಲ್ಲ ಟೈಪಾಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಮಾಲೀಕರು ಮುಂದೆ ಬಂದು, "ನಮ್ಮ ಸಂಸ್ಥೆ ಅಂತಾನೇ ಬರೀರಿ ಸರ್, ಎಲ್ಲಾರಿಗೂ ಆಗ್ತೈತೆ" ಎಂದರು.

"ಯಾಕ್ರಿ ಸಾಹೇಬ್ರೆ," ಎಂದರು ಚಾಚಾ, "ನಿಮ್ಮ ಸಂಸ್ಥೆ ಬೆಳಿಗ್ಗೆ ಬೆಳಿಗ್ಗೆ ಬಂದು ಇಲ್ಲಿ ನೆಲದ ಮ್ಯಾಲೆ ಕೂತಿತ್ತೇನ್ರಿ? ನಾ ನೋಡಲಿಲ್ಲಪ್ಪ."

ಡಾಕ್ಟರು ನಕ್ಕರು, ಮಾಲೀಕರೂ ನಗಬೇಕಾಯಿತು. ಡಾಕ್ಟರು ನನ್ನ ಪೂರ್ತಿ ಹೆಸರು ಕೇಳಿ, ತಮ್ಮ ಕೈಬರಹದಲ್ಲೇ ಬರೆದರು. ಪಕ್ಕದಲ್ಲಿ ಏನು ಹುದ್ದೆ ಬರೆಯಲಿ ಎಂದು ಮಾಲೀಕರ ಕಡೆ ನೋಡಿದರು.

"ಇಂಜಿನಿಯರ್ ಅಂತ ಬರೀರಿ ಸರ್" ಎಂದರು ಮಾಲೀಕರು. ಈ ಸಲ ಅವರು ನಗುತ್ತಿರಲಿಲ್ಲ.

ಡಾಕ್ಟರು ಸಹಿ ಹಾಕಿ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ.

ಸಂಜೆ ಅಣ್ಣ ಶಾಪಿನಿಂದ ಬಂದ. ಕೈಗೆ ಗ್ರೀಸು ಇದ್ದದ್ದರಿಂದ ಕಾಗದದ ಅಂಚನ್ನಷ್ಟೇ ಬೆರಳ ತುದಿಯಲ್ಲಿ ಹಿಡಿದು, ಲ್ಯಾಬಿನ ಮುಂದಿನ ಬೆಳಕಿಗೆ ಒಡ್ಡಿ, ಇಂಗ್ಲಿಷನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ನನ್ನ ಹೆಸರಿಗೆ ಬಂದು ನಿಂತ.

"ಇದರಾಗ ನಿನ್ನ ಹೆಸರೈತೆ ಅಂದ್ರೆ, ನಾಳೆ ಇದು ಕೆಟ್ರೆ ಯಾರಿಗೆ ಬೈತಾರೆ?"

"ನನಗೇ."

"ಬೆಂಗಳೂರಿನವ್ರಿಗಲ್ಲ? ನಿಮ್ಮ ಮಾಲಕ್ರಿಗಲ್ಲ?"

"ಅಲ್ಲ. ನನಗೇ."

ಅವನು ಕಾಗದವನ್ನು ನನ್ನ ಕೈಗೆ ಕೊಟ್ಟು, ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬೈಕು ಹತ್ತಿದ.

"ಅಪ್ಪ ಇಡೀ ಜನ್ಮ ಮಂಡಕ್ಕಿ ಹುರಿದ. ಚೀಲದ ಮ್ಯಾಲೆ ಭಟ್ಟಿ ಮಾಲಕನ ಹೆಸರು. ನಾ ಕಡೆದ ಸಾಮಾನಿನ ಮ್ಯಾಲೆ ಕಂಪನಿ ಹೆಸರು. ನಮ್ಮನ್ಯಾಗ ಮಾಡಿದ ಕೆಲಸದ ಮ್ಯಾಲೆ ಮಾಡಿದವರ ಹೆಸರು ಬಿದ್ದಿದ್ದು ಇದೇ ಮೊದ್ಲು. ಬೈಸ್ಕೊಂಡ್ರೂ ಚಿಂತಿಲ್ಲವ್ವ, ಬಿಟ್ಟುಕೊಡಬ್ಯಾಡ."